ಎಸ್ಟಿಮೇಟ್‌ನಲ್ಲಿ ಇಲ್ಲದ ಹದಿನಾಲ್ಕನೇ ಸಾಲು

ಬೆಂಗಳೂರಿನಲ್ಲಿ ಒಳ್ಳೆಯ ಡಾಕ್ಟರ್ ಯಾರು ಅಂತ ಕೇಳಿದರೆ ಹತ್ತು ಹೆಸರು ಸಿಗುತ್ತವೆ. ಒಳ್ಳೆಯ ಕಾರ್ ಮೆಕ್ಯಾನಿಕ್ ಯಾರು ಅಂತ ಕೇಳಿ ನೋಡಿ. ಎದುರಿನವರು ಸ್ವಲ್ಪ ಹೊತ್ತು ಯೋಚಿಸಿ, "ಒಬ್ರಿದ್ರು... ಈಗ ಅವ್ರೂ ಹಂಗೇ ಆಗ್ಬಿಟ್ಟಿದ್ದಾರೆ" ಅಂತಾರೆ. ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ಕಾರಿನ ಮಾತು ಬಂದರೆ ಸಾಕು, ಒಬ್ಬೊಬ್ಬರದೂ ಒಂದೊಂದು ಕತೆ. ಸರ್ವೀಸಿಗೆ ಐದು ಸಾವಿರ ಆಗಬಹುದು ಅಂದುಕೊಂಡು ಹೋದವರು ಇಪ್ಪತ್ತು ಸಾವಿರದ ಬಿಲ್ ಹಿಡಿದು ಬಂದಿರುತ್ತಾರೆ. ಆ ಇಪ್ಪತ್ತು ಸಾವಿರದಲ್ಲಿ ನಿಜವಾಗಿ ಬೇಕಾದದ್ದು ಎಷ್ಟು, ಬೇಡದ್ದು ಎಷ್ಟು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ.

ಗೊತ್ತಿಲ್ಲ ಅನ್ನೋದೇ ಇಲ್ಲಿನ ಸಮಸ್ಯೆ. ಬದನೆಕಾಯಿ ಕೊಳ್ಳುವಾಗ ಹುಳ ಇದೆಯಾ ಅಂತ ತಿರುಗಿಸಿ ನೋಡ್ತೀವಿ. ಸೀರೆ ಕೊಳ್ಳುವಾಗ ಸೆರಗು ಬಿಡಿಸಿ ಬೆಳಕಿಗೆ ಹಿಡೀತೀವಿ. ಕಾರಿನ ವಿಷಯಕ್ಕೆ ಬಂದಾಗ ಮಾತ್ರ ಕೀ ಕೊಟ್ಟು, ವೇಟಿಂಗ್ ರೂಮಿನಲ್ಲಿ ಕಾಫಿ ಕುಡಿದು, ಕೇಳಿದಷ್ಟು ಕೊಟ್ಟು ಬರ್ತೀವಿ. ಮೋಸ ಆಯ್ತೇನೋ ಅಂತ ಅನುಮಾನ ಬಂದರೂ ಹೇಳೋಕೆ ನಮ್ಮ ಹತ್ತಿರ ಆಧಾರ ಇರೋದಿಲ್ಲ.

ನಾನು ಓದಿದ್ದು ಕಂಪ್ಯೂಟರ್ ಸೈನ್ಸ್. ವಿಟಿಯು ಮೊದಲ ವರ್ಷದಲ್ಲಿ 'ಎಲಿಮೆಂಟ್ಸ್ ಆಫ್ ಮೆಕ್ಯಾನಿಕಲ್ ಎಂಜಿನಿಯರಿಂಗ್' ಅಂತ ಒಂದು ಪೇಪರ್ ಇತ್ತು. ಫೋರ್ ಸ್ಟ್ರೋಕ್ ಎಂಜಿನ್ನಿನ ಚಿತ್ರ ಬರೆದು ಪಾಸಾಗಿದ್ದೆ, ಅಷ್ಟೇ. ಆದರೆ ನನ್ನ ಕೆಲಸದಿಂದ ಕಲಿತ ಒಂದು ಅಭ್ಯಾಸ ಇದೆ. ಯಾರಾದರೂ "ಸಿಸ್ಟಮ್ ಹಾಳಾಗಿದೆ, ಎಲ್ಲಾ ಬದಲಾಯಿಸಬೇಕು" ಅಂದರೆ, "ಯಾವ ಭಾಗ? ಹೇಗೆ ಗೊತ್ತಾಯ್ತು? ತೋರಿಸಿ" ಅಂತ ಕೇಳೋದು. ಈ ಮೂರು ಪ್ರಶ್ನೆ ಗ್ಯಾರೇಜಿನಲ್ಲೂ ಕೆಲಸ ಮಾಡುತ್ತವೆ ಅನ್ನೋದನ್ನು ಹೇಳೋಕೇ ಈ ಬರಹ.

ನಮ್ಮ ಮನೆಯ ಕಾರಿಗೆ ಈಗ ಹತ್ತು ವರ್ಷ. ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದ 2016ರಲ್ಲಿ ಕೊಂಡ ಸಣ್ಣ ಪೆಟ್ರೋಲ್ ಕಾರು. ಮಂಡಿ ನೋವು ಶುರುವಾದ ಮೇಲೆ ಅಪ್ಪ ಸ್ಟೀರಿಂಗ್ ಬಿಟ್ಟರು. ಎರಡು ವರ್ಷದಿಂದ ನಾನೇ ಓಡಿಸೋದು. ಈ ಸಲ ಅಮ್ಮನ ಹರಕೆ ತೀರಿಸೋಕೆ ಮೂವರೂ ಧರ್ಮಸ್ಥಳಕ್ಕೆ ಹೋಗಬೇಕಿತ್ತು. ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟ್ ಇಳಿಯಬೇಕು. ಕಾರು 62,000 ಕಿಲೋಮೀಟರ್ ಓಡಿತ್ತು, ಸರ್ವೀಸ್ ಸಮಯ ಬಂದಿತ್ತು. ಜೊತೆಗೆ ಬ್ರೇಕ್ ಒತ್ತಿದಾಗ ಕಿರ್ರ್ ಅನ್ನೋ ಶಬ್ದ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಬಣ್ಣದ ಎಂಜಿನ್ ದೀಪ. ಹಾಗಾಗಿ ಕಂಪನಿಯ ಅಧಿಕೃತ ಸರ್ವೀಸ್ ಸೆಂಟರ್ ಒಂದಕ್ಕೆ ತಗೊಂಡು ಹೋದೆ. ಅಪ್ಪನೂ ಜೊತೆಗೆ ಬಂದಿದ್ದರು. ಯಾವ ಕಂಪನಿ, ಯಾವ ಏರಿಯಾ ಅನ್ನೋದು ಇಲ್ಲಿ ಬೇಡ.

ಒಂದು ಗಂಟೆ ಆದಮೇಲೆ ಅಡ್ವೈಸರ್ ಟ್ಯಾಬ್ ಹಿಡಿದು ಬಂದರು. ನನ್ನನ್ನು ನೋಡಿ, "ಸಾರ್ ಜೊತೆ ಮಾತಾಡ್ತೀನಿ ಮೇಡಂ, ಸ್ವಲ್ಪ ಟೆಕ್ನಿಕಲ್ ವಿಷಯ" ಅಂದರು. ಅಪ್ಪನ ಕಡೆ ತಿರುಗಿ, "ಘಾಟ್‌ಗೆ ಹೋಗ್ತಿದ್ದೀರಾ ಸಾರ್, ಫ್ಯಾಮಿಲಿ ಇರುತ್ತೆ. ಬ್ರೇಕು, ಕ್ಲಚ್ಚು ಎಲ್ಲಾ ಒಂದ್ಸಲ ಹೊಸದು ಹಾಕ್ಸಿಬಿಡಿ. ರಿಸ್ಕ್ ಯಾಕೆ?" ಅಂದರು. ಎಸ್ಟಿಮೇಟ್‌ನಲ್ಲಿ ಹದಿಮೂರು ಸಾಲು. ಕೊನೆಯಲ್ಲಿ 42,800 ರೂಪಾಯಿ. ಅಪ್ಪನ ಒಂದು ತಿಂಗಳ ಪೆನ್ಷನ್‌ಗಿಂತ ಜಾಸ್ತಿ. ಆದರೂ ಅಪ್ಪ ನನ್ನ ಕಿವಿಯಲ್ಲಿ, "ಕೊಟ್ಟುಬಿಡೋಣ ಪುಟ್ಟಿ. ಬ್ರೇಕ್ ವಿಷಯದಲ್ಲಿ ಜುಗ್ಗತನ ಬೇಡ" ಅಂದರು.

ಅಪ್ಪನ ಮಾತು ತಪ್ಪಲ್ಲ. ಬ್ರೇಕ್ ವಿಷಯದಲ್ಲಿ ಜುಗ್ಗತನ ಬೇಡವೇ ಬೇಡ. ಆದರೆ ಅಡ್ವೈಸರ್ ಹೇಳಿದ ಮಾತನ್ನು ಮತ್ತೆ ಓದಿ. ಅದರಲ್ಲಿ ಘಾಟ್ ಇದೆ, ಫ್ಯಾಮಿಲಿ ಇದೆ, ರಿಸ್ಕ್ ಇದೆ. ಬ್ರೇಕ್ ಪ್ಯಾಡ್ ಎಷ್ಟು ಸವೆದಿದೆ ಅನ್ನೋದು ಇಲ್ಲ. ಕ್ಲಚ್‌ಗೆ ಏನಾಗಿದೆ ಅನ್ನೋದೂ ಇಲ್ಲ. ಭಯ ಹುಟ್ಟಿಸೋ ಮಾತು ಬೇರೆ, ಅಳತೆ ತೋರಿಸೋ ಮಾತು ಬೇರೆ.

"ಎಸ್ಟಿಮೇಟ್ ವಾಟ್ಸಾಪ್ ಮಾಡಿ. ನಾನು ಓಕೆ ಅನ್ನೋವರೆಗೂ ಏನೂ ಬಿಚ್ಚಬೇಡಿ" ಅಂದೆ. ಅವರು ಕಳಿಸಿದರು. ಕಾರನ್ನು ನಿಧಾನವಾಗಿ ಮನೆಗೆ ತಂದೆವು.

ಅವತ್ತು ರಾತ್ರಿ ಗ್ಲೋವ್ ಬಾಕ್ಸಿನಲ್ಲಿದ್ದ ಓನರ್ಸ್ ಮ್ಯಾನುಯಲ್ ತೆಗೆದೆ. ಹತ್ತು ವರ್ಷದಲ್ಲಿ ಅದರ ಪ್ಲಾಸ್ಟಿಕ್ ಕವರ್ ಕೂಡ ಪೂರ್ತಿ ಹರಿದಿರಲಿಲ್ಲ. ಎಷ್ಟು ಜನರ ಮನೆಯಲ್ಲಿ ಇದೇ ಪರಿಸ್ಥಿತಿಯೋ! ಆ ಪುಸ್ತಕದ ಕೊನೆಯ ಭಾಗದಲ್ಲಿ ಮೇಂಟೆನೆನ್ಸ್ ಶೆಡ್ಯೂಲ್ ಅಂತ ಒಂದು ಪಟ್ಟಿ ಇರುತ್ತೆ. ಎಷ್ಟು ಕಿಲೋಮೀಟರ್‌ಗೆ ಅಥವಾ ಎಷ್ಟು ತಿಂಗಳಿಗೆ ಏನನ್ನು ಬದಲಾಯಿಸಬೇಕು, ಏನನ್ನು ಬರೀ ನೋಡಿದರೆ ಸಾಕು ಅಂತ ಕಾರು ಮಾಡಿದವರೇ ಬರೆದಿರುತ್ತಾರೆ. ಎಸ್ಟಿಮೇಟನ್ನು ಪಕ್ಕದಲ್ಲಿಟ್ಟು ಒಂದೊಂದೇ ಸಾಲಿಗೆ ಪೆನ್ಸಿಲ್ ಗುರುತು ಹಾಕುತ್ತಾ ಹೋದೆ.

ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್: ಪಟ್ಟಿಯಲ್ಲಿ ಇದೆ. ಏರ್ ಫಿಲ್ಟರ್, ಎಸಿ ಫಿಲ್ಟರ್: ಇದೆ. ಸ್ಪಾರ್ಕ್ ಪ್ಲಗ್: ನಮ್ಮ ಕಾರಿನಲ್ಲಿರುವ ಮಾಮೂಲಿ ಪ್ಲಗ್‌ಗಳ ಅವಧಿ ಮುಗಿದಿತ್ತು, ಸರಿ. ಬ್ರೇಕ್ ಆಯಿಲ್: ಅದು ಗಾಳಿಯ ತೇವ ಹೀರಿಕೊಳ್ಳೋ ದ್ರವ, ತೇವ ಹೆಚ್ಚಿದಷ್ಟೂ ಬೇಗ ಕುದಿಯುತ್ತೆ, ಅದಕ್ಕೇ ಕಾಲಕಾಲಕ್ಕೆ ಬದಲಾಯಿಸಬೇಕು. ಘಾಟ್ ಇಳಿಯುವಾಗ ಬ್ರೇಕ್ ಬಿಸಿಯಾಗುತ್ತೆ, ಹಾಗಾಗಿ ಇದೂ ಸರಿ. ಇವುಗಳ ಜೊತೆ ವೀಲ್ ಅಲೈನ್‌ಮೆಂಟ್. ನಮ್ಮ ಬೆಂಗಳೂರಿನ ರಸ್ತೆಗುಂಡಿಗಳಲ್ಲಿ ಓಡಿದ ಕಾರಿಗೆ ಅದು ಬೇಡ ಅನ್ನೋಕೆ ನನಗೆ ಧೈರ್ಯ ಸಾಲದು.

ಎಂಜಿನ್ ಫ್ಲಶ್ 900, ಇಂಜೆಕ್ಟರ್ ಕ್ಲೀನಿಂಗ್ ಮತ್ತು ಡಿಕಾರ್ಬನೈಸಿಂಗ್ 3,200, ಎಸಿ ಡಿಸ್‌ಇನ್ಫೆಕ್ಷನ್ 1,500. ಈ ಮೂರೂ ನಮ್ಮ ಮ್ಯಾನುಯಲ್ಲಿನಲ್ಲಿ ಎಲ್ಲೂ ಇಲ್ಲ. ಇವೆಲ್ಲ ಸುಳ್ಳು ಕೆಲಸ ಅಂತ ನಾನು ಹೇಳ್ತಿಲ್ಲ. ಎಸಿ ವಾಸನೆ ಬರ್ತಿದ್ರೆ, ಎಂಜಿನ್ ತೊಂದರೆ ಕೊಡ್ತಿದ್ರೆ ಉಪಯೋಗ ಇರಬಹುದು. ಆದರೆ ತೊಂದರೆಯೇ ಇಲ್ಲದಾಗ 5,600 ರೂಪಾಯಿ ಕೊಡೋದು ಜ್ವರ ಇಲ್ಲದವರಿಗೆ ಡ್ರಿಪ್ ಹಾಕಿಸಿದ ಹಾಗೆ.

ನನ್ನ ಕಾಲೇಜಿನ ಗೆಳೆಯ ಒಬ್ಬ, ಮೆಕ್ಯಾನಿಕಲ್ ಓದಿದವನು, ಎರಡು ವರ್ಷ ಬೇರೊಂದು ಊರಿನಲ್ಲಿ ಸರ್ವೀಸ್ ಅಡ್ವೈಸರ್ ಆಗಿದ್ದ. ಅವನಿಗೆ ಫೋನ್ ಮಾಡಿದೆ. "ನಮ್ಗೆ ತಿಂಗಳ ಟಾರ್ಗೆಟ್ ಇರ್ತಿತ್ತು ಕಣೇ. ಇಷ್ಟು ಕಾರಿಗೆ ಟ್ರೀಟ್‌ಮೆಂಟ್, ಇಷ್ಟಕ್ಕೆ ಕೋಟಿಂಗ್ ಅಂತ. ಕಸ್ಟಮರ್ ಬೇಡ ಅಂದ್ರೆ ನಾವು ಜಗಳ ಮಾಡ್ತಿರ್ಲಿಲ್ಲ. ಆದ್ರೆ ಬೇಡ ಅನ್ನೋರೇ ಕಮ್ಮಿ" ಅಂದ. ಅಂದರೆ ಎದುರು ನಿಂತಿರೋ ಹುಡುಗ ಕೆಟ್ಟವನೇನಲ್ಲ. ಅವನ ತಲೆ ಮೇಲೆ ಒಂದು ಸಂಖ್ಯೆ ಇದೆ. ಆ ಸಂಖ್ಯೆ ತುಂಬಿಸೋದು ನಮ್ಮ ಜವಾಬ್ದಾರಿ ಅಲ್ಲ, ಅಷ್ಟೇ. "ಮ್ಯಾನುಯಲ್ಲಿನಲ್ಲಿ ಇಲ್ಲ, ಬೇಡ" ಅನ್ನೋ ಎರಡು ಮಾತು ಸಾಕು.

ಉಳಿದದ್ದು ದೊಡ್ಡ ಸಾಲುಗಳು: ಮೂರು ಇಗ್ನಿಷನ್ ಕಾಯಿಲ್ 7,500, ಮುಂದಿನ ಬ್ರೇಕ್ ಪ್ಯಾಡ್ 2,600, ಬ್ರೇಕ್ ಡಿಸ್ಕ್ 5,200, ಕ್ಲಚ್ ಸೆಟ್ 8,900. ಇವುಗಳಿಗೆ ಪುಸ್ತಕ ಉತ್ತರ ಕೊಡೋದಿಲ್ಲ. ಸವೆದಿದೆಯಾ ಇಲ್ಲವಾ ಅಂತ ಬಿಚ್ಚಿ ನೋಡಬೇಕು. ಕಾರಿನ ವಾರಂಟಿ ಎಂದೋ ಮುಗಿದಿದ್ದರಿಂದ ಇನ್ನೊಬ್ಬರಿಗೆ ತೋರಿಸೋಕೆ ಅಡ್ಡಿ ಇರಲಿಲ್ಲ. ನಮ್ಮ ಪಕ್ಕದ ರಸ್ತೆಯಲ್ಲಿ ಒಂದು ಸಣ್ಣ ಗ್ಯಾರೇಜ್ ಇದೆ. ಅಲ್ಲಿಯ ಅಣ್ಣ ಕಂಪನಿ ಸರ್ವೀಸ್ ಸೆಂಟರಿನಲ್ಲೇ ಕೆಲಸ ಮಾಡಿ, ಆಮೇಲೆ ಸ್ವಂತ ಶೆಡ್ ಹಾಕಿಕೊಂಡವರು. ನಾನು ಎಸ್ಟಿಮೇಟ್ ತೋರಿಸಲಿಲ್ಲ. ಡಾಕ್ಟರ್ ಹತ್ತಿರ ಸೆಕೆಂಡ್ ಒಪೀನಿಯನ್‌ಗೆ ಹೋದಾಗ ಮೊದಲಿನವರ ಚೀಟಿ ತೋರಿಸಿದರೆ ಇವರೂ ಅದರ ದಾರಿಯಲ್ಲೇ ಯೋಚಿಸ್ತಾರೆ. ಬರೀ ಲಕ್ಷಣ ಹೇಳಿದೆ: "ಬ್ರೇಕ್ ಒತ್ತಿದ್ರೆ ಶಬ್ದ ಬರುತ್ತೆ, ಎಂಜಿನ್ ಲೈಟ್ ಉರೀತಿದೆ, ಘಾಟ್‌ಗೆ ಹೋಗ್ಬೇಕು. ಏನೇನು ಬೇಕು ನೋಡಿ. ನೋಡೋ ಕೂಲಿ ಕೊಡ್ತೀನಿ."

ಕೊನೆಯ ವಾಕ್ಯ ಮುಖ್ಯ. ಪರೀಕ್ಷೆ ಮಾಡೋಕೆ ಬೇರೆಯಾಗಿ ದುಡ್ಡು ಕೊಡ್ತೀವಿ ಅಂದರೆ, ಪರೀಕ್ಷೆ ಮಾಡಿದ ಸಮಯದ ದುಡ್ಡನ್ನು ಸ್ಪೇರ್ ಪಾರ್ಟ್ಸ್‌ನಿಂದ ತೆಗೆಯೋ ಅಗತ್ಯ ಅವರಿಗೆ ಇರೋದಿಲ್ಲ.

ಮೊದಲು ಎಂಜಿನ್ ದೀಪ. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಅವರು ಒಂದು ಸಣ್ಣ ಸ್ಕ್ಯಾನರ್ ಸಿಕ್ಕಿಸಿದರು. ಪಿ0302 ಅಂತ ಬಂತು. ಎರಡನೇ ಸಿಲಿಂಡರಿನಲ್ಲಿ ಮಿಸ್‌ಫೈರ್ ಅಂತ ಅದರ ಅರ್ಥ. ಇಲ್ಲೇ ಬಹಳ ಜನ ಮೋಸ ಹೋಗೋದು. "ಸ್ಕ್ಯಾನರೇ ಹೇಳ್ತಿದೆ ಮೇಡಂ, ಕಾಯಿಲ್ ಹೋಗಿದೆ" ಅಂತಾರೆ. ಸ್ಕ್ಯಾನರ್ ಹಾಗೆ ಹೇಳೋದಿಲ್ಲ. ಅದು ತೊಂದರೆ ಎಲ್ಲಿ ಕಾಣ್ತಿದೆ ಅಂತ ಹೇಳುತ್ತೆ, ಯಾವುದರಿಂದ ಅಂತ ಹೇಳೋದಿಲ್ಲ. ಪ್ಲಗ್ ಇರಬಹುದು, ಕಾಯಿಲ್ ಇರಬಹುದು, ಇಂಜೆಕ್ಟರ್ ಇರಬಹುದು, ವೈರೂ ಇರಬಹುದು. ನಮ್ಮ ಸಾಫ್ಟ್‌ವೇರ್‌ನಲ್ಲೂ ಎರರ್ ಮೆಸೇಜ್ ಅಂದರೆ ಹುಡುಕಾಟದ ಶುರು ಅಷ್ಟೇ, ಉತ್ತರ ಅಲ್ಲ.

ಗ್ಯಾರೇಜಿನ ಅಣ್ಣ ಮಾಡಿದ್ದು ನೋಡಿ ನನಗೆ ಖುಷಿಯಾಯ್ತು. ಎರಡನೇ ಸಿಲಿಂಡರಿನ ಕಾಯಿಲ್ ತೆಗೆದು ಮೂರನೆಯದಕ್ಕೆ ಹಾಕಿದರು, ಮೂರನೆಯದನ್ನು ಎರಡಕ್ಕೆ. ಕೋಡ್ ಅಳಿಸಿ, ಎರಡು ರೌಂಡ್ ಓಡಿಸಿ ಬಂದು ಮತ್ತೆ ಸ್ಕ್ಯಾನ್ ಮಾಡಿದರು. ಈಗ ಪಿ0303. ತೊಂದರೆ ಕಾಯಿಲ್ ಜೊತೆಗೇ ಜಾಗ ಬದಲಾಯಿಸಿತ್ತು. "ಇದೊಂದೇ ಮೇಡಂ ಹೋಗಿರೋದು. ಮಿಕ್ಕಿದ್ದೆರಡು ಚೆನ್ನಾಗಿವೆ" ಅಂದರು. ಒಂದು ರೂಪಾಯಿ ಸ್ಪೇರ್ ಖರ್ಚಿಲ್ಲದೆ ಮೂರು ಕಾಯಿಲ್ ಒಂದಾಯ್ತು. ನಿಮ್ಮ ಕಾರಿನಲ್ಲೂ ಮಿಸ್‌ಫೈರ್ ಅಂತ ಹೇಳಿ ಎಲ್ಲ ಕಾಯಿಲ್ ಬದಲಾಯಿಸಿ ಅಂದರೆ, "ಅದಲು ಬದಲು ಮಾಡಿ ನೋಡಿದ್ರಾ?" ಅಂತ ಒಂದು ಸಲ ಕೇಳಿ.

ಕ್ಲಚ್. ಸಮತಟ್ಟಾದ ಖಾಲಿ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆದು, ಮೂರನೇ ಗೇರಿಗೆ ಹಾಕಿ, ನಿಧಾನವಾಗಿ ಕ್ಲಚ್ ಬಿಟ್ಟರು. ಎಂಜಿನ್ ತಕ್ಷಣ ಆಫ್ ಆಯ್ತು. ಕ್ಲಚ್ ಜಾರುತ್ತಿದ್ದರೆ ಎಂಜಿನ್ ಆಫ್ ಆಗದೆ ತಿರುಗುತ್ತಲೇ ಇರುತ್ತೆ. ಏರು ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರಿದರೂ ಕಾರಿನ ವೇಗ ಏರದಿದ್ದರೆ ಅದೂ ಕ್ಲಚ್ ಸವೆದ ಗುರುತು. ನಮ್ಮದರಲ್ಲಿ ಎರಡೂ ಇರಲಿಲ್ಲ. 8,900 ರೂಪಾಯಿಯ ಸಾಲು ಹೋಯ್ತು.

ಆಮೇಲೆ ಮುಂದಿನ ಚಕ್ರ ಬಿಚ್ಚಿದರು. ಹೊಸ ಬ್ರೇಕ್ ಪ್ಯಾಡ್ ಸಾಮಾನ್ಯವಾಗಿ ಹತ್ತು ಮಿಲಿಮೀಟರ್ ಆಸುಪಾಸು ದಪ್ಪ ಇರುತ್ತೆ. ಮೂರಕ್ಕೆ ಇಳಿದರೆ ಬದಲಾಯಿಸೋ ಸಮಯ. ನಮ್ಮದು ಎರಡಕ್ಕೆ ಬಂದಿತ್ತು. ಕಿರ್ರ್ ಶಬ್ದದ ಕಾರಣ ಅದೇ. ಅಂದರೆ ಸರ್ವೀಸ್ ಸೆಂಟರಿನವರು ಪ್ಯಾಡ್ ವಿಷಯದಲ್ಲಿ ಹೇಳಿದ್ದು ನಿಜವೇ ಆಗಿತ್ತು. ಡಿಸ್ಕ್ ಮಾತ್ರ ಬೇರೆ ಕತೆ. ಡಿಸ್ಕ್ ಎಷ್ಟು ತೆಳ್ಳಗಾಗುವವರೆಗೆ ಬಳಸಬಹುದು ಅನ್ನೋ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಅದರ ಮೇಲೇ ಕೊರೆದಿರುತ್ತಾರೆ. ಅಣ್ಣ ಡಬ್ಬಿಯಿಂದ ವರ್ನಿಯರ್ ಕ್ಯಾಲಿಪರ್ ತೆಗೆದರು. ಪಿಯುಸಿ ಲ್ಯಾಬಿನಲ್ಲಿ ಬಿಟ್ಟ ಮೇಲೆ ನಾನು ಅದನ್ನು ಮುಟ್ಟಿದ್ದೇ ಇಲ್ಲ. ಈ ಸಲ ನಾನೇ ಓದಿದೆ. ಕನಿಷ್ಠಕ್ಕಿಂತ ಒಂದೂವರೆ ಮಿಲಿಮೀಟರ್ ಜಾಸ್ತಿಯೇ ಇತ್ತು. ಮೇಲ್ಮೈಯಲ್ಲಿ ಆಳವಾದ ಗೀರೂ ಇರಲಿಲ್ಲ. 5,200ರ ಸಾಲೂ ಹೋಯ್ತು.

ಇಷ್ಟಕ್ಕೇ ಕತೆ ಮುಗಿದಿದ್ದರೆ "ನೋಡಿ, ಹೇಗೆ ದುಡ್ಡು ಉಳಿಸಿದೆ" ಅಂತ ಹೇಳಿ ನಿಲ್ಲಿಸಬಹುದಿತ್ತು. ಆದರೆ ಅಣ್ಣ ಬಾನೆಟ್ ಕೆಳಗಿದ್ದ ಬ್ರೇಕ್ ಆಯಿಲ್ ಡಬ್ಬಿಯನ್ನು ಮತ್ತೆ ಮತ್ತೆ ನೋಡ್ತಿದ್ದರು. "ಪ್ಯಾಡ್ ಸವೆದ್ರೆ ಲೆವೆಲ್ ಸ್ವಲ್ಪ ಇಳಿಯುತ್ತೆ ಮೇಡಂ. ಆದ್ರೆ ಇಷ್ಟು ಇಳಿಯಲ್ಲ. ಹಿಂದಿನ ಡ್ರಮ್ ಬಿಚ್ಚಿ ನೋಡ್ಲಾ?" ಅಂದರು. ಬಿಚ್ಚಿದರು. ಬಲಗಡೆ ಹಿಂದಿನ ಚಕ್ರದ ವೀಲ್ ಸಿಲಿಂಡರಿನಿಂದ ಬ್ರೇಕ್ ಆಯಿಲ್ ಜಿನುಗಿ ಬ್ರೇಕ್ ಶೂ ಮೇಲೆಲ್ಲ ಹರಡಿತ್ತು. ಎಣ್ಣೆ ಮೆತ್ತಿದ ಶೂ ಡ್ರಮ್ಮನ್ನು ಹಿಡಿಯೋದಿಲ್ಲ, ಜಾರುತ್ತೆ. ಸೋರಿಕೆ ಹೆಚ್ಚಾದರೆ ಪೆಡಲ್ ಒತ್ತಿದಾಗ ಕಾಲು ಕೆಳಗೆ ಹೋಗುತ್ತೆ, ಕಾರು ನಿಲ್ಲೋದಿಲ್ಲ.

ಅಪ್ಪ ಅಲ್ಲೇ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತಿದ್ದರು. ಏನೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಹದಿಮೂರು ಸಾಲಿನ, 42,800 ರೂಪಾಯಿಯ ಆ ಎಸ್ಟಿಮೇಟ್‌ನಲ್ಲಿ ಕಾರಿನ ಎಸಿಗೆ ಸುವಾಸನೆ ಕೊಡೋ ಕೆಲಸ ಇತ್ತು. ಹಿಂದಿನ ಬ್ರೇಕ್ ಇರಲಿಲ್ಲ. ಯಾರೂ ಆ ಡ್ರಮ್ ಬಿಚ್ಚಿಯೇ ಇರಲಿಲ್ಲ. ಅಷ್ಟೂ ದುಡ್ಡು ಕೊಟ್ಟು, ಎಲ್ಲಾ ಹೊಸದು ಹಾಕಿಸಿದ್ದೀವಿ ಅನ್ನೋ ನೆಮ್ಮದಿಯಲ್ಲಿ ನಾವು ಶಿರಾಡಿ ಇಳಿಯಬಹುದಿತ್ತು. ಹಾಗೆಯೇ "ಇವರೆಲ್ಲ ಕಳ್ಳರು" ಅಂತ ಬೈದುಕೊಂಡು ಏನೂ ಮಾಡಿಸದೆ ಹೋಗಿದ್ದರೂ ಅದೇ ಅಪಾಯ. ಕುರುಡು ನಂಬಿಕೆಯಾಗಲಿ, ಕುರುಡು ಅನುಮಾನವಾಗಲಿ ಬ್ರೇಕ್ ಹಿಡಿಯೋದಿಲ್ಲ.

ಹಿಂದಿನ ಎರಡೂ ವೀಲ್ ಸಿಲಿಂಡರ್ 1,300, ಶೂ ಸೆಟ್ 1,400. ಎಂಜಿನ್ ಆಯಿಲ್ ಮತ್ತು ಫಿಲ್ಟರ್ 2,900, ಏರ್ ಮತ್ತು ಎಸಿ ಫಿಲ್ಟರ್ 850, ಒಂದು ಕಾಯಿಲ್ 2,100, ಮೂರು ಪ್ಲಗ್ 840, ಮುಂದಿನ ಪ್ಯಾಡ್ 1,950, ಬ್ರೇಕ್ ಆಯಿಲ್ 500, ಅಲೈನ್‌ಮೆಂಟ್ 600, ಪರೀಕ್ಷೆಯೂ ಸೇರಿ ಕೂಲಿ 3,400. ಒಟ್ಟು 15,840 ರೂಪಾಯಿ. ಇದು ನಮ್ಮ ಕಾರಿನ ಲೆಕ್ಕ. ನಿಮ್ಮ ಕಾರು, ನಿಮ್ಮ ಊರಿಗೆ ತಕ್ಕ ಹಾಗೆ ಬೆಲೆ ಬದಲಾಗುತ್ತೆ. ನ್ಯಾಯವಾದ ಬೆಲೆ ಅಂದರೆ ಎಲ್ಲಕ್ಕಿಂತ ಕಡಿಮೆ ಬೆಲೆ ಅಲ್ಲ. ಬೇಕಾದ ಕೆಲಸಕ್ಕೆ ಸರಿಯಾದ ಬೆಲೆ. ನಮ್ಮ ಲೆಕ್ಕದಲ್ಲಿ ಕೆಲವು ಸಾಲು ಹೋದವು, ಒಂದು ಸಾಲು ಸೇರಿತು. ಸೇರಿದ ಆ ಒಂದು ಸಾಲೇ ನನಗೆ ಹೆಚ್ಚು ಬೆಲೆಬಾಳೋದು.

ಈ ಅನುಭವದ ಮೇಲೆ, ಮತ್ತು ಗೆಳೆಯನಿಂದ, ಗ್ಯಾರೇಜಿನ ಅಣ್ಣನಿಂದ ಕೇಳಿ ತಿಳಿದದ್ದನ್ನು ಸೇರಿಸಿ ಕೆಲವು ವಿಷಯ ಹೇಳ್ತೀನಿ.

ಬದಲಾಯಿಸಿದ ಹಳೇ ಪಾರ್ಟನ್ನು ವಾಪಸ್ ಕೇಳಿ. ಇದನ್ನು ಕಾರು ಕೊಡುವಾಗಲೇ ಹೇಳಬೇಕು, ಬಿಲ್ ಕೊಡುವಾಗ ಅಲ್ಲ. "ಹಳೇದೆಲ್ಲಾ ಡಿಕ್ಕಿಯಲ್ಲಿ ಹಾಕಿಡಿ" ಅಂತ ಮೊದಲೇ ಹೇಳಿದರೆ, ಬದಲಾಯಿಸದೇ ಬಿಲ್ ಹಾಕೋ ಅಭ್ಯಾಸಕ್ಕೆ ಅಲ್ಲೇ ಬೀಗ. ಹೊಸ ಪಾರ್ಟಿನ ಖಾಲಿ ಡಬ್ಬಿಯನ್ನೂ ಕೇಳಿ. ಅದರ ಮೇಲೆ ಪಾರ್ಟ್ ನಂಬರ್, ಎಂಆರ್‌ಪಿ ಇರುತ್ತೆ. ಆಯಿಲ್ ಹಾಕುವಾಗ ಸೀಲ್ ಇರೋ ಕ್ಯಾನ್ ನಿಮ್ಮೆದುರೇ ತೆಗೆಯಲಿ. ನಿಮ್ಮ ಎಂಜಿನ್ನಿಗೆ ಎಷ್ಟು ಲೀಟರ್ ಬೇಕು ಅನ್ನೋದು ಮ್ಯಾನುಯಲ್ಲಿನಲ್ಲೇ ಇದೆ. ಮೂರು ಲೀಟರ್ ಹಿಡಿಯೋ ಎಂಜಿನ್ನಿಗೆ ನಾಲ್ಕು ಲೀಟರ್ ಬಿಲ್ ಬಂದರೆ ಕೇಳಿ.

ಎಂಆರ್‌ಪಿ ಅಂದರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ಡಬ್ಬಿಯ ಮೇಲಿನ ಎಂಆರ್‌ಪಿಗೆ ಮತ್ತೆ ಜಿಎಸ್‌ಟಿ ಸೇರಿಸಿದರೆ ಅದು ಕಾನೂನಿಗೆ ವಿರುದ್ಧ. ಕೂಲಿಗೆ ಶೇ 18 ಜಿಎಸ್‌ಟಿ ಬೇರೆಯಾಗಿ ಬರುತ್ತೆ, ಅದು ಸರಿ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಮೇಲಿನ ಜಿಎಸ್‌ಟಿಯೂ ಶೇ 18 ಆಗಿದೆ. ಮೊದಲು ಬಹಳಷ್ಟಕ್ಕೆ ಶೇ 28 ಇತ್ತು. ಬಿಲ್ಲಿನಲ್ಲಿ ಈಗಲೂ 28 ಕಂಡರೆ ಪ್ರಶ್ನೆ ಮಾಡಿ.

ಸ್ಪೇರ್ ನೀವೇ ತಂದುಕೊಡಬಹುದು. ಬೆಂಗಳೂರಿನವರಿಗೆ ಟೌನ್ ಹಾಲ್‌ನಿಂದ ಮಿನರ್ವ ಸರ್ಕಲ್ ಕಡೆ ಹೋಗೋ ಜೆ.ಸಿ. ರೋಡ್ ಗೊತ್ತೇ ಇದೆ. ಅಲ್ಲಿ ಪಾರ್ಟ್ ನಂಬರ್ ಹೇಳಿದರೆ ಒಂದೇ ಪ್ಯಾಡ್‌ಗೆ ಮೂರು ಬೆಲೆ ಹೇಳ್ತಾರೆ: ಕಾರು ಕಂಪನಿಯ ಹೆಸರಿನ ಡಬ್ಬಿಯದ್ದು, ಪ್ಯಾಡ್ ತಯಾರಿಸೋ ಕಂಪನಿಯ ಸ್ವಂತ ಹೆಸರಿನದ್ದು, ಮತ್ತೆ ಹೆಸರೇ ಇಲ್ಲದ್ದು. ಎರಡನೆಯದು ಎಷ್ಟೋ ಸಲ ಒಳ್ಳೆಯದೇ ಇರುತ್ತೆ, ಬೆಲೆಯೂ ಕಮ್ಮಿ. ಮೂರನೆಯದನ್ನು ಬ್ರೇಕ್, ಸ್ಟೀರಿಂಗ್, ಸಸ್ಪೆನ್ಷನ್‌ಗೆ ಹಾಕಿಸಲೇಬೇಡಿ. ಒಂದು ವಿಷಯ ನೆನಪಿರಲಿ. ಸ್ಪೇರ್ ನೀವು ತಂದರೆ ಅದು ಕೈಕೊಟ್ಟಾಗ ಮೆಕ್ಯಾನಿಕ್ ಹೊಣೆ ಅಲ್ಲ.

ಟೈರ್ ಬದಲಾಯಿಸಿ ಅಂದರೆ ತೋಡುಗಳ ನಡುವೆ ಇರೋ ಸಣ್ಣ ದಿಬ್ಬ ನೋಡಿ. ಮೇಲ್ಮೈ ಅದರ ಮಟ್ಟಕ್ಕೆ ಬಂದರೆ, ಅಂದರೆ 1.6 ಮಿಲಿಮೀಟರ್, ಟೈರಿನ ಆಯಸ್ಸು ಮುಗಿಯಿತು. ಹೊಸ ಟೈರ್ ಕೊಳ್ಳುವಾಗ ಪಕ್ಕದಲ್ಲಿರೋ ನಾಲ್ಕು ಅಂಕಿ ಓದಿ. 2325 ಅಂದರೆ 2025ರ 23ನೇ ವಾರ ತಯಾರಾದದ್ದು. ಹಳೇ ಸ್ಟಾಕ್ ಕೊಟ್ಟರೆ ಗೊತ್ತಾಗುತ್ತೆ. ಬ್ಯಾಟರಿ ಹೋಗಿದೆ ಅಂದರೆ ಮೀಟರ್ ಇಟ್ಟು ತೋರಿಸಿ ಅನ್ನಿ. ಕೆಲವು ಗಂಟೆ ನಿಂತ ಕಾರಿನಲ್ಲಿ 12.6 ವೋಲ್ಟ್ ಆಸುಪಾಸು ಇದ್ದರೆ ಪೂರ್ತಿ ಚಾರ್ಜ್ ಇದೆ ಅಂತ. ಎಂಜಿನ್ ಚಾಲೂ ಇದ್ದಾಗ ಸುಮಾರು 14ಕ್ಕೆ ಏರದಿದ್ದರೆ ತೊಂದರೆ ಆಲ್ಟರ್ನೇಟರಿನಲ್ಲಿ ಇರಬಹುದು. ಹೊಸ ಬ್ಯಾಟರಿ ಹಾಕಿದರೂ ಪ್ರಯೋಜನ ಇಲ್ಲ.

ಪಂಕ್ಚರ್ ಅಂಗಡಿಯ ಕತೆ ಎಲ್ಲರಿಗೂ ಗೊತ್ತು. ಔಟರ್ ರಿಂಗ್ ರೋಡಿನಲ್ಲಿ ನಮ್ಮದೇ ಐಟಿ ಕ್ಷೇತ್ರದ ಒಬ್ಬರು ಆಫೀಸಿಗೆ ಹೋಗ್ತಾ ಬರ್ತಾ ಮೊಳೆ ಆಯ್ದು ಕೆಜಿಗಟ್ಟಲೆ ಕೂಡಿಸಿದ್ದು ಹಿಂದೆ ಪತ್ರಿಕೆಗಳಲ್ಲಿ ಬಂದಿತ್ತು. ಟ್ಯೂಬ್‌ಲೆಸ್ ಟೈರಿಗೆ ಒಂದು ಮೊಳೆ ಚುಚ್ಚಿದ್ದಕ್ಕೆ ಐದು ಪಂಕ್ಚರ್ ಅಂದರೆ, ಸೋಪಿನ ನೀರು ಹಾಕಿಸಿ ಗುಳ್ಳೆ ಬರೋ ಜಾಗ ನೀವೇ ಎಣಿಸಿ. ಟೈರ್ ನಿಮ್ಮ ಕಣ್ಣಳತೆಯಲ್ಲೇ ಇರಲಿ.

"ಇನ್ಶೂರೆನ್ಸ್‌ನಲ್ಲಿ ಮಾಡಿಸ್ತೀವಿ, ನಿಮಗೆ ಖರ್ಚೇ ಇಲ್ಲ" ಅನ್ನೋ ಮಾತಿನ ಬಗ್ಗೆಯೂ ಎಚ್ಚರ. ಸಣ್ಣ ಗೀರಿಗೆ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗುತ್ತೆ. ಅದು ಮೊದಲ ವರ್ಷಕ್ಕೆ ಶೇ 20ರಿಂದ ಶುರುವಾಗಿ ಐದು ವರ್ಷ ಕ್ಲೇಮ್ ಇಲ್ಲದಿದ್ದರೆ ಶೇ 50ರವರೆಗೆ ಏರುತ್ತೆ. ಝೀರೋ ಡೆಪ್ ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ದುಡ್ಡು ನಾವೇ ಕೊಡಬೇಕು. ಇನ್ನು, ಇಲ್ಲದ ಹಾನಿಯನ್ನು ಸೇರಿಸಿ ಕ್ಲೇಮ್ ಬರೆಯೋಣ ಅಂದರೆ ಒಪ್ಪಲೇಬೇಡಿ. ಸಹಿ ನಿಮ್ಮದು, ಗ್ಯಾರೇಜಿನವರದ್ದಲ್ಲ.

ಹೊರಗಿನ ಗ್ಯಾರೇಜಿಗೆ ಹೋದರೆ ವಾರಂಟಿ ರದ್ದು ಅಂತ ಹೆದರಿಸೋದೂ ಇದೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತ್ತು. ಬಿಡಿಭಾಗ, ಪರೀಕ್ಷಾ ಉಪಕರಣಗಳು ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದೀರಿ ಅನ್ನೋದು ಆರೋಪ. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ಪೂರ್ತಿ ರದ್ದು ಅನ್ನೋ ಷರತ್ತು ಬೇಡ ಅಂತಲೂ ಆಯೋಗ ಹೇಳಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು. ನನ್ನ ಸಲಹೆ ಸರಳ: ವಾರಂಟಿ ಇರುವಷ್ಟು ದಿನ ನಿಗದಿತ ಸರ್ವೀಸನ್ನು ಕಂಪನಿಯಲ್ಲೇ ಮಾಡಿಸಿ, ಉಳಿದ ಟ್ರೀಟ್‌ಮೆಂಟ್‌ಗಳಿಗೆ ಬೇಡ ಅನ್ನಿ. ವಾರಂಟಿ ಮುಗಿದ ಮೇಲೆ ನಂಬಿಕಸ್ತ ಗ್ಯಾರೇಜ್ ಹುಡುಕಿ.

ಎಲ್ಲ ಎಚ್ಚರಿಕೆಯ ನಂತರವೂ ಮೋಸ ಆದರೆ ಸುಮ್ಮನಿರಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರೋದೇ ಅನುಚಿತ ವ್ಯಾಪಾರ ಪದ್ಧತಿ. ಕೊಟ್ಟ ದುಡ್ಡು ಐದು ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡೋಕೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು. ಇ-ಜಾಗೃತಿ ಪೋರ್ಟಲ್ಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಆದರೆ ಇದಕ್ಕೆಲ್ಲ ಕಾಗದ ಬೇಕು. ಎಸ್ಟಿಮೇಟ್, ಬಿಲ್, ವಾಟ್ಸಾಪ್ ಮೆಸೇಜ್ ಎಲ್ಲ ಇಟ್ಟುಕೊಳ್ಳಿ. "ಬಿಲ್ ಬೇಡ ಅಂದ್ರೆ ಸ್ವಲ್ಪ ಕಮ್ಮಿ ಮಾಡ್ತೀನಿ" ಅನ್ನೋ ಮಾತಿಗೆ ಒಪ್ಪಿದರೆ ಆ ದಾರಿ ಮುಚ್ಚಿದ ಹಾಗೆ.

ಮಹಿಳಾ ಓದುಗರಿಗೆ ಒಂದು ಮಾತು. "ಮನೆಯಲ್ಲಿ ಗಂಡಸರನ್ನ ಕಳ್ಸಿ" ಅಂತ ಹೇಳೋ ಜಾಗಗಳಿಗೆ ಉತ್ತರವಾಗಿ ಕೋಪ ಬೇಕಿಲ್ಲ. "ಕಾರು ಓಡ್ಸೋದು ನಾನು, ನನಗೇ ಹೇಳಿ. ಎಷ್ಟು ಮಿಲಿಮೀಟರ್ ಉಳಿದಿದೆ?" ಅಂತ ಕೇಳಿ. ಉತ್ತರ ಗೊತ್ತಿರೋರು ಹೇಳ್ತಾರೆ. ಗೊತ್ತಿಲ್ಲದೋರು ಮಾತು ಬದಲಾಯಿಸ್ತಾರೆ. ಯಾರ ಕೈಗೆ ಕಾರು ಕೊಡಬೇಕು ಅನ್ನೋದು ಅಲ್ಲೇ ತೀರ್ಮಾನ ಆಗುತ್ತೆ.

ಮತ್ತೆ, ಕೂಲಿಯಲ್ಲಿ ಚೌಕಾಸಿ ಬೇಡ. ಬಿಲ್ ನೋಡಿ ಅಪ್ಪ ಹಳೇ ಅಭ್ಯಾಸದಂತೆ, "ಲೇಬರ್ ಸ್ವಲ್ಪ ನೋಡಿ ಹಾಕ್ಕೊಳಪ್ಪ" ಅಂದರು. ನಾನು ತಡೆದೆ. ಒಂದೂವರೆ ದಿನ ನೆಲದ ಮೇಲೆ ಮಲಗಿ ಕೆಲಸ ಮಾಡಿದ ಕೈಗಳ ಬೆಲೆ ಅದು. ಕೂಲಿಯನ್ನು ಕಿತ್ತುಕೊಂಡರೆ ಒಳ್ಳೆಯ ಮೆಕ್ಯಾನಿಕ್ ಕೂಡ ಸ್ಪೇರ್ ಪಾರ್ಟ್ಸ್‌ನಲ್ಲಿ ದುಡ್ಡು ಹುಡುಕೋಕೆ ಶುರು ಮಾಡ್ತಾರೆ. "ಈಗ ಅವ್ರೂ ಹಂಗೇ ಆಗ್ಬಿಟ್ಟಿದ್ದಾರೆ" ಅನ್ನೋದರಲ್ಲಿ ನಮ್ಮ ಚೌಕಾಸಿಯ ಪಾಲೂ ಇರಬಹುದು.

ಈಗ ನಮ್ಮ ಕಾರಿನ ಗ್ಲೋವ್ ಬಾಕ್ಸಿನಲ್ಲಿ ಮ್ಯಾನುಯಲ್ ಪಕ್ಕ ಒಂದು ನೂರು ಪುಟದ ನೋಟ್‌ಬುಕ್ ಇದೆ. ದಿನಾಂಕ, ಕಿಲೋಮೀಟರ್, ಏನು ಬದಲಾಯ್ತು, ಎಷ್ಟಾಯ್ತು, ಎಷ್ಟು ದಪ್ಪ ಉಳಿದಿತ್ತು ಅಂತ ಅಪ್ಪ ಮೇಷ್ಟ್ರ ಅಕ್ಷರದಲ್ಲಿ ಬರೀತಾರೆ. ಮುಂದಿನ ಸಲ ಯಾರಾದರೂ "ಡಿಸ್ಕ್ ಹೋಗಿದೆ" ಅಂದರೆ, ಹಳೇ ಪುಟ ತೆಗೆದು ಲೆಕ್ಕ ಕೇಳೋಕೆ ನಾನೇ ಇರಬೇಕಾಗಿಲ್ಲ. ಅಪ್ಪನೂ ಕೇಳಬಹುದು, ಅಮ್ಮನೂ ಕೇಳಬಹುದು.